ಉಡದ ಸಾಕಣೆ ಕೇಂದ್ರ ಬೇಡ, ಅಗೆದಾಗ ಸಿಗುವ ಮೊಟ್ಟೆಗೆ ಕಾವಿನ ವ್ಯವಸ್ಥೆ ಬೇಕು

ಮಾನ್ಯ ಸಂಪಾದಕರೇ,

ಉಡಗಳನ್ನು ಜೋಡಿ ಮಾಡಿ ಸಾಕಿ, ಮೊಟ್ಟೆ ಇಡಿಸಿ, ಮರಿಗಳನ್ನು ಹೊಲಗದ್ದೆಗಳಿಗೆ ಬಿಡುವ ಕೇಂದ್ರವೊಂದನ್ನು ಸರ್ಕಾರವೇ ಮೈಸೂರಿನಲ್ಲಿ ತೆರೆಯಬೇಕೆಂದು ಓದುಗರೊಬ್ಬರು ಇತ್ತೀಚೆಗೆ ತಮ್ಮ ಪತ್ರಿಕೆಯ ಇದೇ ಪುಟದಲ್ಲಿ ಬರೆದಿದ್ದರು. ಅವರ ಕಳಕಳಿ ಮೆಚ್ಚುವಂಥದ್ದು. ಉಡ ಕಂಡ ಕೂಡಲೇ ಕಲ್ಲು ಹುಡುಕುವವರೇ ಹೆಚ್ಚಾಗಿರುವ ನಮ್ಮ ಊರುಗಳಲ್ಲಿ ಅದರ ಪರವಾಗಿ ಒಬ್ಬರು ಪತ್ರ ಬರೆಯುವುದೇ ದೊಡ್ಡ ಮಾತು. ಆದರೆ ಅವರು ತೋರಿಸಿದ ದಾರಿ ಸರಿಯಿಲ್ಲ ಎಂಬುದು, ಬಹುಕಾಲ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿ ಈಗ ಪಾಂಡವಪುರದ ಬಳಿ ಬೇಸಾಯ ಮಾಡಿಕೊಂಡಿರುವ ನನ್ನ ಅಭಿಪ್ರಾಯ. ಜೆಸಿಬಿ, ಟ್ರ್ಯಾಕ್ಟರು, ಗುದ್ದಲಿಗಳು ಪ್ರತಿವರ್ಷ ಮಣ್ಣಿನಿಂದ ಮೇಲಕ್ಕೆ ತರುತ್ತಿರುವ ಉಡದ ಮೊಟ್ಟೆಗಳನ್ನು ಪಡೆದು, ಅವಕ್ಕೆ ಸರಿಯಾದ ಕಾವು ಕೊಟ್ಟು, ಹೊರಬಂದ ಮರಿಗಳನ್ನು ಅದೇ ಊರಿನ ಬಯಲಿಗೆ ಬಿಡುವ ಒಂದು ಸಣ್ಣ ವ್ಯವಸ್ಥೆಯಾದರೆ ಸಾಕು. ಅಂಥದೊಂದು ವ್ಯವಸ್ಥೆ ಏಕೆ ಬೇಕು, ಅದು ಹೇಗಿರಬೇಕು ಎಂಬುದನ್ನು ತಿಳಿಸಲು ಈ ಪತ್ರ.

ಭಾರತದಲ್ಲಿರುವ ನಾಲ್ಕು ಬಗೆಯ ಉಡಗಳಲ್ಲಿ ನಮ್ಮ ಕಡೆ ಕಾಣುವುದು ಬಂಗಾಳ ಉಡ ಎಂದು ಕರೆಯಲಾಗುವ ವರಾನಸ್ ಬೆಂಗಾಲೆನ್ಸಿಸ್. ಮೂತಿಯಿಂದ ಬಾಲದ ತುದಿಯವರೆಗೆ 175 ಸೆಂಟಿಮೀಟರಿನಷ್ಟು ಉದ್ದ ಬೆಳೆಯಬಲ್ಲ ಈ ಪ್ರಾಣಿ ಜೀರುಂಡೆ, ಹುಳು, ಏಡಿ, ಬಸವನಹುಳು, ಇಲಿ, ಹಕ್ಕಿ ಮತ್ತು ಹಾವಿನ ಮೊಟ್ಟೆ, ಸತ್ತ ಪ್ರಾಣಿಯ ಮಾಂಸ ಎಲ್ಲವನ್ನೂ ತಿನ್ನುತ್ತದೆ. ಸಮಯ ಸಿಕ್ಕರೆ ಕೋಳಿಮರಿಯನ್ನೂ ಬಿಡುವುದಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳು, ಗದ್ದೆಯ ಬದು ಕೊರೆಯುವ ಏಡಿ, ತೆನೆ ಕತ್ತರಿಸುವ ಇಲಿ ಇವೆಲ್ಲವನ್ನೂ ಸಂಬಳವಿಲ್ಲದೆ ತಿಂದು ಹೋಗುವ ಜೀವಿ ಮಂಡ್ಯದ ರೈತನಿಗೆ ನಷ್ಟಕ್ಕಿಂತ ಲಾಭವನ್ನೇ ಹೆಚ್ಚು ಮಾಡುತ್ತದೆ.

ಹೆಣ್ಣು ಉಡ ಮೊಟ್ಟೆ ಇಡುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಸಮನೆಲದಲ್ಲೋ, ನಾಲೆಯ ಏರಿಯಂಥ ದಿಬ್ಬದ ಮಗ್ಗುಲಲ್ಲೋ, ಕೆಲವೊಮ್ಮೆ ಹುತ್ತದಲ್ಲೋ ಬಿಲ ತೋಡಿ, ಸುಮಾರು 20 ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ, ಮೂತಿಯಿಂದಲೇ ಒತ್ತಿ ಗಟ್ಟಿ ಮಾಡುತ್ತದೆ. ಕಳ್ಳರ ಕಣ್ಣು ತಪ್ಪಿಸಲು ಪಕ್ಕದಲ್ಲಿ ಒಂದೆರಡು ಸುಳ್ಳು ಬಿಲಗಳನ್ನು ತೋಡಿ ಸುತ್ತ ಮಣ್ಣು ಕೆದರಿ ಹೋಗುವುದೂ ಉಂಟು. ಅಲ್ಲಿಂದಾಚೆಗೆ ಮೊಟ್ಟೆಯ ಕಾವಿನ ಹೊಣೆ ಪೂರ್ತಿ ಭೂಮಿಯದು. ಮೊಟ್ಟೆ ಒಡೆದು ಮರಿ ಹೊರಬರಲು 168ರಿಂದ 254 ದಿನ ಬೇಕು, ಅಂದರೆ ಹೆಚ್ಚು ಕಡಿಮೆ ಐದೂವರೆಯಿಂದ ಎಂಟೂವರೆ ತಿಂಗಳು. ಶ್ರಾವಣದಲ್ಲಿ ಇಟ್ಟ ಮೊಟ್ಟೆ ದಸರಾ, ದೀಪಾವಳಿ, ಸಂಕ್ರಾಂತಿಗಳನ್ನು ಮಣ್ಣಿನಲ್ಲಿಯೇ ಕಳೆದು ಯುಗಾದಿಯ ಆಸುಪಾಸಿನಲ್ಲಿ ಮರಿಯಾಗುತ್ತದೆ. ನಮ್ಮಲ್ಲಿ ನೆಲ ಅಗೆಯುವ ಕೆಲಸಗಳೆಲ್ಲ ನಡೆಯುವುದೂ ಇದೇ ತಿಂಗಳುಗಳಲ್ಲಿ. ಮಳೆ ನಿಂತು ನೆಲ ಆರುತ್ತಿದ್ದಂತೆ ಬಡಾವಣೆಗಳಿಗೆ ಜೆಸಿಬಿ ಇಳಿಯುತ್ತದೆ, ನಾಲೆಗೆ ನೀರು ನಿಂತ ಮೇಲೆ ಏರಿ ದುರಸ್ತಿ ಆರಂಭವಾಗುತ್ತದೆ, ಕಬ್ಬು ಕಡಿದ ಹೊಲದಲ್ಲಿ ಬದು ಸರಿ ಮಾಡುತ್ತಾರೆ, ಹೆದ್ದಾರಿ ಮತ್ತು ರಸ್ತೆಗಳ ಬದಿಗೆ ತುಂಬಲು ದಿಬ್ಬಗಳ ಗ್ರಾವೆಲ್ ಮಣ್ಣು ಲಾರಿ ಏರುತ್ತದೆ. ಮೈಸೂರಿನ ಸುತ್ತಲಿನ ಬಡಾವಣೆಗಳಿಂದ ಹಿಡಿದು ಮದ್ದೂರಿನವರೆಗೆ ಈ ಕೆಲಸ ನಡೆಯದ ಊರಿಲ್ಲ.

ಹಾಗೆ ಮೇಲೆ ಬಂದ ಮೊಟ್ಟೆಗಳ ಗತಿ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಊರ ಬಳಿ ವಿಶ್ವೇಶ್ವರಯ್ಯ ನಾಲೆಯ ಉಪನಾಲೆಯೊಂದರ ಏರಿ ಕೆರೆಯುವಾಗ ಸಿಕ್ಕ ಮೊಟ್ಟೆಗಳನ್ನು ಕೆಲಸದವರು ಕೊಂದುಹಾಕದೆ ಜೋಪಾನವಾಗಿ ತಂದಿದ್ದರು. ಸದುದ್ದೇಶಕ್ಕೇನೂ ಕೊರತೆ ಇರಲಿಲ್ಲ. ಮೊಟ್ಟೆಗಳ ಮಣ್ಣನ್ನು ಬೋರ್‌ವೆಲ್ ನೀರಿನಲ್ಲಿ ತೊಳೆದು, ಪಂಚೆಯ ತುದಿಯಿಂದ ಒರೆಸಿ, ಮಂಕರಿಯೊಂದರಲ್ಲಿ ಭತ್ತದ ಹೊಟ್ಟು ಹಾಸಿ ಜೋಡಿಸಿ, ಮೇಲೆ ಅರವತ್ತು ವ್ಯಾಟಿನ ಬಲ್ಬು ಇಳಿಬಿಟ್ಟಿದ್ದರು. ಕೋಳಿ ಮೊಟ್ಟೆಯಂತೆ ಗಟ್ಟಿ ಸಿಪ್ಪೆ ಇಲ್ಲದ, ಬೆರಳಿಟ್ಟರೆ ತಗ್ಗುವ, ತೊಗಲಿನಂಥ ಬಿಳಿಯ ಮೊಟ್ಟೆಗಳು ಅವು. ನಾನು ಹೋಗುವ ಹೊತ್ತಿಗೆ ಬಲ್ಬಿನ ಕೆಳಗಿದ್ದವು ಗಾಳಿ ಇಳಿದ ಚೆಂಡಿನಂತೆ ಒಂದು ಮಗ್ಗುಲಿಗೆ ಕುಸಿದಿದ್ದವು. ಗುದ್ದಲಿ ತಾಗಿ ಒಡೆದಿದ್ದ ಒಂದರ ಒಳಗೆ, ಹಳದಿ ಲೋಳೆಯ ಮೇಲೆ, ಕೆಂಪು ನರಗಳ ಬಲೆಯ ನಡುವೆ, ಕಿರುಬೆರಳಿನ ಉಗುರಿನಷ್ಟು ದೊಡ್ಡದಾದ ಬಾಗಿದ ಭ್ರೂಣವೂ ಅದರ ಕಣ್ಣಿನ ಕಪ್ಪು ಚುಕ್ಕೆಯೂ ಸ್ಪಷ್ಟವಾಗಿ ಕಾಣುತ್ತಿದ್ದವು. ಸಂಬಂಧಪಟ್ಟ ಕಚೇರಿಯೊಂದಕ್ಕೆ ಫೋನು ಮಾಡಿದಾಗ ಬಂದ ಉತ್ತರ ಇಷ್ಟೇ: ‘ಮೊಟ್ಟೆಗೆಲ್ಲ ನಮ್ಮಲ್ಲಿ ವ್ಯವಸ್ಥೆ ಇಲ್ಲ ಸಾರ್, ಎಲ್ಲಿ ಸಿಕ್ತೋ ಅಲ್ಲೇ ಮುಚ್ಚಿಸಿಬಿಡಿ.’ ಸಿಕ್ಕ ಜಾಗವನ್ನೇ ಆ ವೇಳೆಗೆ ಜೆಸಿಬಿ ಕೆರೆದು ಸಪಾಟು ಮಾಡಿತ್ತು. ಬೇರೆ ಬದುವಿನಲ್ಲಿ ಹೂತದ್ದನ್ನು ನಾಯಿಗಳು ಬಗೆದವು. ಉತ್ತರ ಕೊಟ್ಟ ಸಿಬ್ಬಂದಿಯನ್ನು ನಾನು ದೂರುವುದಿಲ್ಲ. ಇಲ್ಲದ ವ್ಯವಸ್ಥೆಯನ್ನು ಅವರಾದರೂ ಎಲ್ಲಿಂದ ತರಬೇಕು?

ಬಲ್ಬು ಮತ್ತು ಹೊಟ್ಟಿನ ಉಪಾಯ ಕೋಳಿಯಿಂದ ಕಲಿತದ್ದು, ಉಡದ ಮೊಟ್ಟೆಗೆ ಅದು ಮಾರಕ. ಕೋಳಿ ಮೊಟ್ಟೆಗೆ ಬೇಕಾದ ಕಾವು ಸುಮಾರು 37.5 ಡಿಗ್ರಿ ಸೆಲ್ಸಿಯಸ್. ಉಡದ ಮೊಟ್ಟೆಗೆ 28ರಿಂದ 31 ಡಿಗ್ರಿ. ಕೋಳಿ ತನ್ನ ಮೊಟ್ಟೆಯನ್ನು ದಿನಕ್ಕೆ ಹಲವು ಸಲ ತಿರುಗಿಸುತ್ತದೆ, ಹ್ಯಾಚರಿಯ ಯಂತ್ರವೂ ಅದನ್ನೇ ಮಾಡುತ್ತದೆ, ಏಕೆಂದರೆ ಹಕ್ಕಿಯ ಮೊಟ್ಟೆಯೊಳಗೆ ಹಳದಿಯನ್ನು ಎರಡೂ ಕಡೆಯಿಂದ ಹಿಡಿದಿಟ್ಟಿರುವ ಹುರಿಗಳಿರುತ್ತವೆ. ಸರೀಸೃಪಗಳ ಮೊಟ್ಟೆಯಲ್ಲಿ ಆ ಹುರಿಗಳಿಲ್ಲ. ಮೊಟ್ಟೆ ಇಟ್ಟ ಒಂದೆರಡು ದಿನಗಳಲ್ಲಿಯೇ ಭ್ರೂಣ ಮೇಲಕ್ಕೆ ಬಂದು ಸಿಪ್ಪೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆಯನ್ನು ಹೊರಳಿಸಿದರೆ ಹಳದಿಯ ಭಾರವೆಲ್ಲ ಎಳೆಯ ಪೊರೆಗಳ ಮೇಲೆ ಬಿದ್ದು ಅವು ಹರಿಯುತ್ತವೆ, ಭ್ರೂಣ ಉಸಿರುಕಟ್ಟಿ ಸಾಯುತ್ತದೆ. ತೊಳೆದು ಒರೆಸುವಾಗ ಪ್ರತಿಯೊಂದು ಮೊಟ್ಟೆಯೂ ನಾಲ್ಕಾರು ಸಲ ಹೊರಳಿರುತ್ತದೆ. ಜೊತೆಗೆ, ಕೋಳಿ ಮೊಟ್ಟೆ ಕಾವಿನ ಕಾಲದಲ್ಲಿ ನೀರನ್ನು ಕಳೆದುಕೊಂಡರೆ, ತೊಗಲುಸಿಪ್ಪೆಯ ಉಡದ ಮೊಟ್ಟೆ ಸುತ್ತಲ ಮಣ್ಣಿನಿಂದ ನೀರನ್ನು ಹೀರಿಕೊಂಡು ಊದಿ ತೂಕ ಹೆಚ್ಚಿಸಿಕೊಳ್ಳುತ್ತದೆ. ಒಣಹೊಟ್ಟಿನ ಮೇಲೆ, ಬಲ್ಬಿನ ಕೆಳಗೆ ಅದಕ್ಕೆ ನೀರೆಲ್ಲಿಂದ ಬರಬೇಕು?

ಸರಿಯಾದ ಕ್ರಮ ಕಷ್ಟದ್ದೇನಲ್ಲ, ಆದರೆ ತಾಳ್ಮೆಯದು. ಬಿಲ ತೆರೆದುಕೊಂಡ ಕ್ಷಣದಲ್ಲಿ ಮೊಟ್ಟೆಯನ್ನು ಕದಲಿಸುವ ಮೊದಲೇ ಅದರ ಮೇಲ್ಮೈಗೆ ಮೆತ್ತನೆಯ ಪೆನ್ಸಿಲಿನಿಂದ ಒಂದು ಗುರುತು ಹಾಕಬೇಕು. ಮುಂದಿನ ತಿಂಗಳುಗಳುದ್ದಕ್ಕೂ ಆ ಗುರುತು ಆಕಾಶವನ್ನೇ ನೋಡುತ್ತಿರಬೇಕು. ಒಂದಕ್ಕೊಂದು ಅಂಟಿಕೊಂಡ ಮೊಟ್ಟೆಗಳನ್ನು ಬಿಡಿಸಲು ಹೋಗದೆ ಗೊಂಚಲಾಗಿಯೇ ಎತ್ತಬೇಕು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ನರ್ಸರಿಗಳಲ್ಲಿ ಸಿಗುವ, ನೀರು ಹಿಡಿದಿಟ್ಟುಕೊಳ್ಳುವ ಹಗುರ ಖನಿಜದ ಹರಳಾದ ವರ್ಮಿಕ್ಯುಲೈಟನ್ನು ಹೆಚ್ಚೆಂದರೆ ಅದರಷ್ಟೇ ತೂಕದ ನೀರಿನಲ್ಲಿ ಕಲಸಿ ಹರಡಿ, ಮೊಟ್ಟೆಗಳು ಅರ್ಧ ಹುದುಗುವಂತೆ ಇಡಬೇಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಹನಿ ತೊಟ್ಟಿಕ್ಕಬಾರದು, ಅದೇ ಹದ. ಇಡುವ ದಿನ ಡಬ್ಬಿಯನ್ನು ತೂಗಿ ಬರೆದಿಟ್ಟರೆ, ಮುಂದೆ ಎಷ್ಟು ನೀರು ಆರಿಹೋಗಿದೆ, ಎಷ್ಟು ಸೇರಿಸಬೇಕು ಎಂಬುದನ್ನು ಊಹೆಯಿಂದ ಹೇಳಬೇಕಾಗಿಲ್ಲ. ಸೇರಿಸುವ ನೀರನ್ನು ಡಬ್ಬಿಯ ಅಂಚಿಗೆ ಬಿಡಬೇಕೇ ಹೊರತು ಮೊಟ್ಟೆಯ ಮೇಲೆ ಸುರಿಯಬಾರದು. ವಾರಕ್ಕೊಮ್ಮೆ ಮುಚ್ಚಳ ತೆರೆದು ಗಾಳಿ ಆಡಿಸಬೇಕು.

ಡಬ್ಬಿಗಳನ್ನಿಡುವ ಪೆಟ್ಟಿಗೆಗೆ ವಿದೇಶಿ ಯಂತ್ರವೇ ಬೇಕೆಂದಿಲ್ಲ. ಕೆಟ್ಟುಹೋದ ಫ್ರಿಜ್ಜಿನ ಒಳಗೆ ಕಡಿಮೆ ವ್ಯಾಟಿನ ಬಿಸಿ ಮಾಡುವ ತಂತಿ, ಕಾವನ್ನು ಒಂದೇ ಮಟ್ಟದಲ್ಲಿಡುವ, ನಂಬಿಕೆಗೆ ಅರ್ಹವಾದ ಥರ್ಮೋಸ್ಟಾಟ್, ಅದು ಕೈಕೊಟ್ಟರೆ ಗೊತ್ತಾಗಲು ಬೇರೆಯದೇ ಒಂದು ಥರ್ಮಾಮೀಟರ್ ಇಷ್ಟಿದ್ದರೆ ಆಯಿತು. ಇಲ್ಲಿ ಹಣ ಉಳಿಸಬಾರದ ವಸ್ತು ಥರ್ಮೋಸ್ಟಾಟ್ ಒಂದೇ. ಕರೆಂಟ್ ಹೋಗಿ ಕೆಲವು ಗಂಟೆ ಕಾವು ಇಳಿದರೆ ಮೊಟ್ಟೆ ತಡೆದುಕೊಳ್ಳುತ್ತದೆ. ಥರ್ಮೋಸ್ಟಾಟ್ ಸಿಕ್ಕಿಹಾಕಿಕೊಂಡು ಕಾವು ಏರಿದರೆ ಒಂದೇ ರಾತ್ರಿಯಲ್ಲಿ ಇಡೀ ಗೂಡು ಬೆಂದುಹೋಗುತ್ತದೆ. ಸಾಯದಷ್ಟು ಮಾತ್ರ ಏರಿದರೂ ಬೆನ್ನು, ಬಾಲ ಸೊಟ್ಟಗಾದ ಮರಿಗಳು ಹುಟ್ಟುತ್ತವೆ. ಭೂಮಿಯ ಆಳದಲ್ಲಿ ಇಂಥ ಏರಿಳಿತವಿಲ್ಲ ಎಂಬ ಕಾರಣಕ್ಕೇ ಉಡಗಳು ಇಷ್ಟು ಕಷ್ಟಪಟ್ಟು ತೋಡುವುದು. ಆಸ್ಟ್ರೇಲಿಯಾದ ಹಳದಿ ಚುಕ್ಕೆಯ ಉಡವಂತೂ ಸುರುಳಿ ಸುತ್ತಿದ ಬಿಲ ತೋಡಿ ಸುಮಾರು ಮೂರು ಮೀಟರ್ ಆಳದಲ್ಲಿ ಮೊಟ್ಟೆ ಇಡುತ್ತದೆಂದು ಅಲ್ಲಿನ ಸಂಶೋಧಕರು ಅಗೆದೇ ತೋರಿಸಿದ್ದಾರೆ.

ಕೆಲವು ವಾರಗಳ ನಂತರ ಕತ್ತಲ ಕೋಣೆಯಲ್ಲಿ, ಮೊಟ್ಟೆಯನ್ನು ಎತ್ತದೆ, ಸಣ್ಣ ಟಾರ್ಚಿನ ಬೆಳಕನ್ನು ಮಗ್ಗುಲಿಗೆ ಹಿಡಿದರೆ ಜೀವಂತ ಮೊಟ್ಟೆಯೊಳಗೆ ಕೆಂಪು ನರಗಳು ಕಾಣುತ್ತವೆ. ಫಲಿಸದ ಮೊಟ್ಟೆ ಹಳದಿಯಾಗಿ ಸುಕ್ಕುಗಟ್ಟಿ ಬೂಷ್ಟು ಹಿಡಿಯುತ್ತದೆ, ಆದರೆ ಪಕ್ಕದ ಮೊಟ್ಟೆಗೆ ಬೂಷ್ಟು ತಾಗಿತೆಂದು ಗಾಬರಿಯಿಂದ ಎಲ್ಲವನ್ನೂ ಎಸೆಯಬೇಕಿಲ್ಲ. ಕಾವು ಮುಗಿಯುತ್ತ ಬಂದಾಗ ಊದಿದ್ದ ಮೊಟ್ಟೆ ಸ್ವಲ್ಪ ತಗ್ಗಿ, ಸಿಪ್ಪೆಯ ಮೇಲೆ ಬೆವರಿನಂತೆ ಸಣ್ಣ ಹನಿಗಳು ಮೂಡುತ್ತವೆ. ಅನಂತರ ಒಳಗಿನ ಮರಿ ತನ್ನ ಮೂತಿಯ ತುದಿಯ ಮೊಟ್ಟೆಹಲ್ಲಿನಿಂದ ಸಿಪ್ಪೆಯಲ್ಲಿ ಒಂದು ಸೀಳು ಮಾಡಿ, ಮೂತಿಯಷ್ಟನ್ನೇ ಹೊರಗಿಟ್ಟು ಉಸಿರಾಡುತ್ತ ಒಂದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು, ಹಾಗೆಯೇ ಕುಳಿತಿರುತ್ತದೆ. ನೋಡುವವರಿಗೆ ಮರಿ ಸಿಕ್ಕಿಹಾಕಿಕೊಂಡಿದೆ ಎನ್ನಿಸುತ್ತದೆ, ಎಳೆದು ತೆಗೆಯಲು ಕೈ ತವಕಿಸುತ್ತದೆ. ಆದರೆ ಉಳಿದ ಹಳದಿಯನ್ನು ಮರಿ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುವ ಹೊತ್ತು ಅದು. ಆಗ ಎಳೆದರೆ ಹೊಕ್ಕುಳು ಹರಿದು ಸಾಯುತ್ತದೆ. ತಾನಾಗಿ ಹೊರಬಂದ ಮರಿಗೆ ತಾಯಿಯ ಪಾಲನೆ ಬೇಕಿಲ್ಲ, ಬೇಟೆ ಕಲಿಸಬೇಕಿಲ್ಲ. ಹೊಟ್ಟೆಯಲ್ಲಿನ ಹಳದಿ ಕರಗಿದ ಮೇಲೆ ಮಿಡತೆ, ಜೀರುಂಡೆಗಳನ್ನು ತಾನೇ ಹಿಡಿದು ತಿನ್ನುತ್ತದೆ. ಹೀಗಾಗಿ ಮರಿಗಳನ್ನು ಬಹುಕಾಲ ಪಂಜರದಲ್ಲಿ ಇಟ್ಟುಕೊಂಡು ಬೆಳೆಸುವ ಖರ್ಚು ಈ ಕೆಲಸದಲ್ಲಿ ಬರುವುದೇ ಇಲ್ಲ.

ಇನ್ನೊಂದು ಅನುಕೂಲವನ್ನೂ ಹೇಳಬೇಕು. ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯುವ ಮೊಸಳೆಗಳನ್ನು ನಮ್ಮವರೆಲ್ಲ ನೋಡಿದ್ದಾರೆ. ಮೊಸಳೆಯ ಮೊಟ್ಟೆಗೆ ಸಿಗುವ ಕಾವಿನ ಮಟ್ಟವೇ ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುತ್ತದೆ; ಕಾವುಪೆಟ್ಟಿಗೆಯಲ್ಲಿ ಒಂದೆರಡು ಡಿಗ್ರಿ ಹೆಚ್ಚುಕಮ್ಮಿಯಾದರೂ ಹುಟ್ಟಿದವೆಲ್ಲ ಒಂದೇ ಲಿಂಗದವಾಗಬಹುದು. ಉಡಗಳಲ್ಲಿ ಹಾಗಲ್ಲ, ಹಕ್ಕಿಗಳಂತೆ ವರ್ಣತಂತುಗಳೇ ಲಿಂಗವನ್ನು ನಿರ್ಧರಿಸುತ್ತವೆ, ಹೆಣ್ಣಿನಲ್ಲಿ ಆ ಜೋಡಿ ಬೇರೆ ಬೇರೆ ಬಗೆಯದು, ಗಂಡಿನಲ್ಲಿ ಒಂದೇ ಬಗೆಯದು. 2006ರಲ್ಲಿ ಇಂಗ್ಲೆಂಡಿನ ಲಂಡನ್ ಮತ್ತು ಚೆಸ್ಟರ್ ಮೃಗಾಲಯಗಳಲ್ಲಿದ್ದ, ಇಂಡೊನೇಷ್ಯಾ ಮೂಲದ ದೈತ್ಯ ಉಡವಾದ ಕೊಮೊಡೊ ಉಡದ ಹೆಣ್ಣುಗಳು ಗಂಡಿನ ಸಂಪರ್ಕವಿಲ್ಲದೆಯೇ ಫಲಿಸಿದ ಮೊಟ್ಟೆ ಇಟ್ಟದ್ದು ಜಗತ್ತಿಗೆಲ್ಲ ಸುದ್ದಿಯಾಯಿತು; ಹಾಗೆ ಹುಟ್ಟುವ ಮರಿಗಳೆಲ್ಲ ಗಂಡೇ ಆಗುವುದಕ್ಕೆ ಕಾರಣವೂ ಈ ವರ್ಣತಂತುಗಳ ಲೆಕ್ಕಾಚಾರವೇ. ತರಗತಿಯಲ್ಲಿ ಈ ಪಾಠ ಬಂದಾಗ ಹಿಂದಿನ ಬೆಂಚಿನ ಹುಡುಗರೂ ಎದ್ದು ಕೂರುತ್ತಿದ್ದರು.

ಈಗ ಸಾಕಣೆ ಕೇಂದ್ರದ ವಿಚಾರ. ಉಡಗಳನ್ನು ಬಂಧನದಲ್ಲಿ ಮರಿ ಮಾಡಿಸುವುದು ಅಸಾಧ್ಯವಲ್ಲ. ಇಂಡೊನೇಷ್ಯಾದ ಹೊರಗೆ ಕೊಮೊಡೊ ಉಡದ ಮರಿ ಮೊದಲ ಸಲ ಹುಟ್ಟಿದ್ದು 1992ರಲ್ಲಿ, ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ. ಬೆರಳೆಣಿಕೆಯ ದ್ವೀಪಗಳಲ್ಲಿ ಮಾತ್ರ ಉಳಿದಿರುವ ಅಂಥ ಪ್ರಾಣಿಗೆ ಆ ಶ್ರಮ ಸಾರ್ಥಕ. ಇರಾನಿನಿಂದ ಬರ್ಮಾದವರೆಗೆ ಹರಡಿರುವ ನಮ್ಮ ಉಡಕ್ಕೆ ಅದರ ಅಗತ್ಯವಿಲ್ಲ, ಆಗುವ ತೊಂದರೆಗಳು ಮಾತ್ರ ಹಲವು. ಹೊರನೋಟಕ್ಕೆ ಗಂಡು ಹೆಣ್ಣು ಗುರುತಿಸುವುದೇ ಕಷ್ಟ. ಎರಡು ಗಂಡುಗಳನ್ನು ಕೂಡಿಹಾಕಿದರೆ ಹಿಂಗಾಲ ಮೇಲೆ ನಿಂತು ಮಲ್ಲಯುದ್ಧ ಮಾಡುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಗರ್ಭ ಕಟ್ಟಿದ ಹೆಣ್ಣಿಗೆ ಮನಸ್ಸಿಗೆ ಒಪ್ಪುವ ಆಳದ, ಹದವಾದ ಮಣ್ಣು ಸಿಗದಿದ್ದರೆ ಅದು ಮೊಟ್ಟೆಗಳನ್ನು ಹೊಟ್ಟೆಯಲ್ಲಿಯೇ ಹಿಡಿದಿಟ್ಟುಕೊಂಡು ಸಾಯುತ್ತದೆ. ಸಿಮೆಂಟಿನ ನೆಲದ ಪಂಜರಗಳಲ್ಲಿ ಸಾಕಿದ ಹೆಣ್ಣುಗಳಿಗೆ ಕಾದಿರುವ ದೊಡ್ಡ ಅಪಾಯ ಇದೇ.

ಇಷ್ಟೆಲ್ಲ ಗೆದ್ದರೂ ಹುಟ್ಟಿದ ಮರಿಗಳನ್ನು ಎಲ್ಲಿ ಬಿಡುತ್ತೀರಿ ಎಂಬ ಪ್ರಶ್ನೆ ಉಳಿಯುತ್ತದೆ. 1975ರಲ್ಲಿ ಆರಂಭವಾದ ಮೊಸಳೆ ಯೋಜನೆ ಮತ್ತು ಮರುವರ್ಷ ಸ್ಥಾಪನೆಯಾದ, ಚೆನ್ನೈ ಬಳಿಯ ಮೊಸಳೆ ಸಂರಕ್ಷಣಾ ಕೇಂದ್ರವಾದ ಮದ್ರಾಸ್ ಕ್ರೊಕಡೈಲ್ ಬ್ಯಾಂಕ್ ನಮ್ಮ ದೇಶದಲ್ಲಿ ಸರೀಸೃಪಗಳ ಮೊಟ್ಟೆಗೆ ಕಾವು ಕೊಡುವ ವಿದ್ಯೆಯನ್ನು ಬೆಳೆಸಿದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೌಗು ಮೊಸಳೆಗಳು ಬಂಧನದಲ್ಲಿ ಎಷ್ಟು ಸುಲಭವಾಗಿ ಹೆಚ್ಚಿದವೆಂದರೆ, 1990ರ ದಶಕದಲ್ಲಿ ಅವನ್ನು ಹೊರಗೆ ಬಿಡುವುದು ನಿಂತ ಮೇಲೆ ಕ್ರೊಕಡೈಲ್ ಬ್ಯಾಂಕಿನಲ್ಲಿ ಸಾವಿರಾರು ಮೊಸಳೆಗಳು ತುಂಬಿಕೊಂಡು, ಇಟ್ಟ ಮೊಟ್ಟೆಗಳನ್ನು ಮರಿಯಾಗದಂತೆ ತೆಗೆದುಹಾಕಬೇಕಾದ ಸ್ಥಿತಿ ಬಂತು. ಉಡದ ವಿಷಯದಲ್ಲಿಯೂ ಕೊರತೆ ಇರುವುದು ಮರಿಗಳಿಗಲ್ಲ, ಬದು, ಹುತ್ತ, ಪಾಳು ದಿಬ್ಬಗಳಿಗೆ. ಒಂದು ಗೂಡು ಉಳಿದರೆ ಇಪ್ಪತ್ತು ಮೊಟ್ಟೆ ಉಳಿದಂತೆ. ಮರಿ ಮಾಡುವ ಕೆಲಸವನ್ನು ಕಾಡಿನ ಹೆಣ್ಣು ಉಡ ನಮಗಿಂತ ಚೆನ್ನಾಗಿ ಮಾಡುತ್ತದೆ.

ಸಾಕಣೆಗೆ ಅವಕಾಶ ಕೊಟ್ಟರೆ ಬೇಟೆ ನಿಲ್ಲುತ್ತದೆ ಎಂಬ ವಾದವೂ ಆ ಪತ್ರದ ಕೊನೆಯಲ್ಲಿ ಇಣುಕಿತ್ತು. ಉಡದ ಮಾಂಸ ಸೊಂಟನೋವಿಗೆ, ಉಬ್ಬಸಕ್ಕೆ ಮದ್ದು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಬಲವಾಗಿದೆ. ಅದಕ್ಕೆ ವೈದ್ಯಕೀಯ ಆಧಾರವಿಲ್ಲ. ಗಂಡು ಉಡದ ಜನನಾಂಗವನ್ನು ಒಣಗಿಸಿ ‘ಹಾಥಾ ಜೋಡಿ’ ಎಂಬ ಅದೃಷ್ಟದ ಬೇರೆಂದು ನಂಬಿಸಿ ಮಾರುತ್ತಿದ್ದ ದಂಧೆ 2017ರಲ್ಲಿ ಬಯಲಾಯಿತು. ಪೂಜೆಯ ಮನೆಯಲ್ಲಿ ಅದನ್ನಿಟ್ಟುಕೊಂಡವರಿಗೆ ತಾವು ಏನನ್ನು ಪೂಜಿಸುತ್ತಿದ್ದೇವೆ ಎಂಬುದೇ ತಿಳಿದಿರಲಿಲ್ಲ. ಖಂಜಿರಕ್ಕೆ ಹಿಂದಿನಿಂದಲೂ ಬಿಗಿಯುತ್ತಿದ್ದದ್ದು ಉಡದ ಚರ್ಮ. ಸಂಗೀತದ ಊರಾದ ಮೈಸೂರಿನಲ್ಲಿ ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೆ ಆಡಿನ ಚರ್ಮವನ್ನೂ ಕೃತಕ ಹೊದಿಕೆಯನ್ನೂ ಬಿಗಿದ ಖಂಜಿರಗಳು ಈಗ ಕಛೇರಿಗಳಲ್ಲಿ ನುಡಿಯುತ್ತಿವೆ. ಎಂಟು ತಿಂಗಳು ಕಾವು, ಅದರ ಮೇಲೆ ಬೆಳೆಯಲು ವರ್ಷಗಳು ಬೇಕಾದ ಪ್ರಾಣಿಯನ್ನು ಸಾಕಿ ಮಾರುವುದಕ್ಕಿಂತ ಹೊಲದಿಂದ ಹಿಡಿದು ತಂದು ‘ಸಾಕಿದ್ದು’ ಎಂದು ಚೀಟಿ ಅಂಟಿಸುವುದು ಯಾವಾಗಲೂ ಅಗ್ಗ. ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ, ಬೆನಿನ್ ದೇಶಗಳಿಂದ ಸಾಕುಪ್ರಾಣಿಯಾಗಿ ರಫ್ತಾಗುವ ಸವನ್ನಾ ಉಡಗಳ ಕಥೆಯೂ ಇದೇ: ಕೇಂದ್ರದ ಹೆಸರಿದ್ದರೂ, ಗರ್ಭಿಣಿ ಉಡಗಳನ್ನೋ ಮೊಟ್ಟೆಗಳನ್ನೋ ಬಯಲಿನಿಂದ ಅಗೆದು ತಂದು ಮರಿ ಮಾಡಿಸುವುದೇ ಅಲ್ಲಿ ಹೆಚ್ಚು.

ಮನೆಯಲ್ಲಿಯೇ ಪ್ರಯೋಗ ಮಾಡಬಯಸುವ ಉತ್ಸಾಹಿ ಯುವಕರಿಗೂ ಒಂದು ಮಾತು. ಮೊಬೈಲಿನ ವಿಡಿಯೊಗಳಲ್ಲಿ ಕಾವುಪೆಟ್ಟಿಗೆಯಿಂದ ಉಡದ ಮರಿ ಹೊರಬರುವುದನ್ನು ನೋಡಿ, ಸಿಕ್ಕ ಮೊಟ್ಟೆಯನ್ನು ಮನೆಗೊಯ್ಯುವವರಿದ್ದಾರೆ. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಆ ಕಾಯ್ದೆಯ ಪ್ರಕಾರ ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡನ್ನು ಕದಲಿಸುವುದು ಕೂಡ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಶಿಕ್ಷೆ ಮೂರರಿಂದ ಏಳು ವರ್ಷಗಳ ಸೆರೆವಾಸ; 2022ರ ತಿದ್ದುಪಡಿಯ ನಂತರ ಕನಿಷ್ಠ ದಂಡ 25,000 ರೂಪಾಯಿ. ವಿದೇಶಿ ಉಡಗಳನ್ನು ಸಾಕುವವರೂ 2024ರ ನಿಯಮಗಳಂತೆ ತಮ್ಮಲ್ಲಿರುವ ಪ್ರಾಣಿಗಳನ್ನು, ಅವು ಮರಿ ಹಾಕಿದರೆ ಆ ಮರಿಗಳನ್ನೂ, ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಬ್ಯಾಂಕಾಕಿನಿಂದ ಬಂದ ಸೂಟ್‌ಕೇಸುಗಳಲ್ಲಿ ಹಲ್ಲಿ, ಹಾವು, ಉಡಗಳು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಸುದ್ದಿಗಳನ್ನು ತಮ್ಮ ಪತ್ರಿಕೆಯೇ ಪ್ರಕಟಿಸಿದೆ. ಅಂಥ ಪ್ರಾಣಿಯನ್ನು ಕೊಂಡವನು ಮರಿ ಮಾಡಿಸಿದರೂ ಅದು ವನ್ಯಜೀವಿ ಸಂರಕ್ಷಣೆ ಎನಿಸುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊಟ್ಟಮೊದಲ ಆಯ್ಕೆ ಗೂಡನ್ನು ಇದ್ದಲ್ಲಿಯೇ ಉಳಿಸುವುದು. ಇದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಆಗುಂಬೆಯ ಸುತ್ತಮುತ್ತ ಕಾಳಿಂಗ ಸರ್ಪದ ಗೂಡು ಮನೆಯ ಹಿತ್ತಲಲ್ಲಿ ಸಿಕ್ಕರೂ ಮೊಟ್ಟೆಗಳನ್ನು ಎತ್ತದೆ, ಸುತ್ತ ಬಲೆ ಕಟ್ಟಿ ಕಾದು, ಮರಿಗಳಾದ ಮೇಲೆ ಕಾಡಿಗೆ ಬಿಡುತ್ತಾರೆ. ಹೊನ್ನಾವರದ ಕಡಲತೀರದಲ್ಲಿ ಅರಣ್ಯ ಇಲಾಖೆಯೂ ಮೀನುಗಾರರೂ ಸೇರಿ ಕಡಲಾಮೆಯ ಗೂಡುಗಳಿಗೆ ಬೇಲಿ ಹಾಕಿ ಕಾಯುತ್ತಾರೆ. ನಾಲೆಯ ಏರಿಯಲ್ಲಿ ಗೂಡು ಕಂಡರೆ ಆ ಹತ್ತು ಅಡಿ ಜಾಗವನ್ನು ಯುಗಾದಿಯ ನಂತರ ಕೆರೆಯಲು ಯಾವ ಗುತ್ತಿಗೆದಾರನಿಗೂ ದೊಡ್ಡ ನಷ್ಟವಿಲ್ಲ. ನೀರಾವರಿ ಇಲಾಖೆಯ ಟೆಂಡರಿನಲ್ಲಿಯೂ, ಬಡಾವಣೆಗಳಿಗೆ ಒಪ್ಪಿಗೆ ಕೊಡುವ ಷರತ್ತುಗಳಲ್ಲಿಯೂ ಇದನ್ನು ಒಂದು ಸಾಲಿನಲ್ಲಿ ಸೇರಿಸಬಹುದು. ನಾಗರಪಂಚಮಿಯಂದು ಹುತ್ತಕ್ಕೆ ತನಿ ಎರೆಯುವ ನಾವು ಮರುವಾರವೇ ಅದೇ ಹುತ್ತವನ್ನು ಸಪಾಟು ಮಾಡಿಸುವುದನ್ನು ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಗೂಡು ಒಡೆದೇ ಹೋಗಿದ್ದರೆ ಮಾತ್ರ ಕಾವುಪೆಟ್ಟಿಗೆ. 1892ರಿಂದ ಪ್ರಾಣಿಪಾಲನೆಯ ಅನುಭವವಿರುವ ಚಾಮರಾಜೇಂದ್ರ ಮೃಗಾಲಯ ನಮ್ಮಲ್ಲಿದೆ, ಕೂರ್ಗಳ್ಳಿಯಲ್ಲಿ ವನ್ಯಪ್ರಾಣಿಗಳ ಪುನರ್ವಸತಿ ಕೇಂದ್ರವಿದೆ. ಅಲ್ಲಿನ ಒಂದು ಕೋಣೆಯಲ್ಲಿ ಎರಡು ಪೆಟ್ಟಿಗೆ, ಬ್ಯಾಟರಿ ಬೆಂಬಲ, ದಿನಕ್ಕೆರಡು ಸಲ ಉಷ್ಣಾಂಶ ಬರೆದಿಡುವ ಒಬ್ಬ ಪಾಲಕ ಇದ್ದರೆ ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳಿಗೆ ಸಾಲುತ್ತದೆ. ಎಂಟು ತಿಂಗಳು ಎಡೆಬಿಡದೆ ಕಾಯುವ ಕೆಲಸವನ್ನು ಸಂಸ್ಥೆಯೇ ಮಾಡಬೇಕು, ಯಾರೋ ಒಬ್ಬ ಉತ್ಸಾಹಿಯ ಹೆಗಲಿಗೆ ಹಾಕಬಾರದು. ಬಂದ ಪ್ರತಿ ಗೂಡಿನ ಜೊತೆ ಊರು, ಜಾಗ, ಆಳ, ಸಿಕ್ಕ ದಿನಾಂಕ ಇವುಗಳ ಚೀಟಿ ಇರಲೇಬೇಕು, ಏಕೆಂದರೆ ಮರಿಗಳನ್ನು ಬಿಡಬೇಕಾದದ್ದು ಆ ಊರಿನ ಆಸುಪಾಸಿನಲ್ಲಿಯೇ ಹೊರತು ಎಲ್ಲವನ್ನೂ ಒಯ್ದು ಚಾಮುಂಡಿ ಬೆಟ್ಟದ ತಪ್ಪಲಿಗೆ ಸುರಿಯುವುದಲ್ಲ. ಈ ಚೀಟಿಗಳೇ ನಾಲ್ಕಾರು ವರ್ಷಗಳಲ್ಲಿ ನಮ್ಮ ಭಾಗದ ಉಡಗಳು ಯಾವ ತಿಂಗಳು, ಎಂಥ ಮಣ್ಣಿನಲ್ಲಿ, ಎಷ್ಟು ಆಳದಲ್ಲಿ ಮೊಟ್ಟೆ ಇಡುತ್ತವೆ ಎಂಬ ದಾಖಲೆಯೂ ಆಗುತ್ತವೆ. ಮಾನಸಗಂಗೋತ್ರಿಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಧ್ಯಯನದ ವಿಷಯ ಸಿಗಲಾರದು.

ಮೊಟ್ಟೆಯನ್ನು ಮೊದಲು ಕಾಣುವವರು ಜೆಸಿಬಿ ಚಾಲಕರು, ನೀರುಗಂಟಿಗಳು, ಕಬ್ಬು ಕಡಿಯುವ ಕೂಲಿಗಳು. ಅವರಿಗೆ ತಲುಪಬೇಕಾದ ಮಾತು ನಾಲ್ಕೇ: ಕೆಲಸ ನಿಲ್ಲಿಸಿ, ಹೊರಳಿಸಬೇಡಿ, ತೊಳೆಯಬೇಡಿ, ಒದ್ದೆ ಮಣ್ಣು ಮುಚ್ಚಿ ನೆರಳು ಮಾಡಿ 1926 ಅರಣ್ಯ ಸಹಾಯವಾಣಿಗೆ ಫೋನು ಮಾಡಿ. ಆದರೆ ಫೋನು ಎತ್ತಿದವರಿಗೆ ಮುಂದೇನು ಮಾಡಬೇಕೆಂಬ ಲಿಖಿತ ಸೂಚನೆ ಇಲ್ಲದಿದ್ದರೆ ಈ ಪ್ರಚಾರದಿಂದ ಪ್ರಯೋಜನವಿಲ್ಲ. ಆದ್ದರಿಂದ ಮೈಸೂರು ಮತ್ತು ಮಂಡ್ಯ ವಿಭಾಗಗಳ ಅರಣ್ಯಾಧಿಕಾರಿಗಳು ಕರ್ನಾಟಕ ಮೃಗಾಲಯ ಪ್ರಾಧಿಕಾರದೊಂದಿಗೆ ಮಾತನಾಡಿ, ಒಡೆದ ಗೂಡಿನ ಮೊಟ್ಟೆಗಳನ್ನು ಯಾರು ಎತ್ತಬೇಕು, ಯಾವ ವಾಹನದಲ್ಲಿ ಎಲ್ಲಿಗೆ ಒಯ್ಯಬೇಕು, ಮರಿಗಳನ್ನು ಬಿಡಲು ಯಾರ ಒಪ್ಪಿಗೆ ಬೇಕು ಎಂಬುದನ್ನು ತಿಳಿಸುವ ಆದೇಶವೊಂದನ್ನು ಬರುವ ಮಳೆಗಾಲ ಮುಗಿದು ಮಣ್ಣಿನ ಕೆಲಸಗಳು ಶುರುವಾಗುವ ಮೊದಲೇ ಹೊರಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ವರ್ಮಿಕ್ಯುಲೈಟ್ ಹದ ಮಾಡುವುದನ್ನೂ ಮೊಟ್ಟೆಗೆ ಗುರುತು ಹಾಕುವುದನ್ನೂ ಸಿಬ್ಬಂದಿಗೆ ತೋರಿಸಿಕೊಡಲು ಕರೆದರೆ ನನ್ನಂಥ ನಿವೃತ್ತರು ಸಂಭಾವನೆ ಇಲ್ಲದೆ ಬರಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ